ಮೀನಿನ ತೊಟ್ಟಿಯ ನೀರಿಗೆ ಏನಾಗಿದೆ? ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ತೊಟ್ಟಿಯಲ್ಲಿ ಒಂದು ಮೀನು ಸತ್ತರೆ ಸಾಕು, ಅಂಗಡಿಗೆ ಹೋಗಿ ನೀಲಿ ಔಷಧಿ ತಂದು ಸುರಿಯುವುದು ವಾಡಿಕೆ. ಆ ನೀಲಿ ಔಷಧಿ, ಅಂದರೆ ಮೆಥಿಲೀನ್ ಬ್ಲೂ, ಫಿಲ್ಟರಿನಲ್ಲಿ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾಗಳನ್ನೂ ಹೊಡೆಯುತ್ತದೆ. ನೀರಿನ ದೋಷದಿಂದ ಮೀನು ಸತ್ತಿದ್ದರೆ ಉಳಿದವೂ ಅದೇ ವಾರ ಸಾಯುತ್ತವೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮೊದಲು ಅನುಮಾನಿಸಬೇಕಾದ್ದು ರೋಗವನ್ನಲ್ಲ, ನಾವು ತುಂಬಿಸುವ ನೀರನ್ನು. ಒಂದೇ ಮನೆಯ ಸಂಪಿಗೆ ಸೋಮವಾರ ನಲ್ಲಿ ನೀರು ಬೀಳುತ್ತದೆ, ಗುರುವಾರ ಬೋರು ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು. ತುಮಕೂರಿನಲ್ಲಿ ಬುಗುಡನಹಳ್ಳಿ ಕೆರೆಗೆ ಬರುವ ಹೇಮಾವತಿ, ಚಿಕ್ಕಬಳ್ಳಾಪುರದಲ್ಲಿ ಜಕ್ಕಲಮಡಗು, ಕೋಲಾರದಲ್ಲಿ ಯರಗೋಳ್ ನೀರು ಒಂದು ಬಗೆಯದು. ನೂರಾರು ಅಡಿ ಆಳದ ಬೋರಿನ ನೀರಿನ ಗುಣವೇ ಬೇರೆ. ನಲ್ಲಿ ಒಂದೇ ಆದರೂ ಮೀನಿಗೆ ಅವು ಎರಡು ಬೇರೆ ಊರುಗಳಿದ್ದ ಹಾಗೆ.

ಆದ್ದರಿಂದ ಇಲ್ಲಿ ಹೇಳುವ ಪ್ರತಿ ಪರೀಕ್ಷೆಯನ್ನೂ ಮೂರು ಲೋಟಕ್ಕೆ ಮಾಡಿ. ಒಂದನೆಯದು ತೊಟ್ಟಿಯ ನೀರು. ಎರಡನೆಯದು ಈಗ ತಾನೇ ನಲ್ಲಿಯಿಂದ ಹಿಡಿದ ನೀರು. ಮೂರನೆಯದು ಬಕೆಟ್ಟಿನಲ್ಲಿ ಏರ್ ಸ್ಟೋನ್ (ಏರ್ ಪಂಪಿನ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಕಲ್ಲು) ಹಾಕಿ 24 ಗಂಟೆ ಇಟ್ಟ ಅದೇ ನಲ್ಲಿ ನೀರು. ತೊಟ್ಟಿಯದನ್ನು ಮಾತ್ರ ಅಳೆದರೆ ದೋಷ ಒಳಗೆ ಹುಟ್ಟಿತೋ ಹೊರಗಿನಿಂದ ಬಂತೋ ಗೊತ್ತಾಗುವುದಿಲ್ಲ.

ಕೈಯಲ್ಲಿ ಏನಿರಬೇಕು

ಹನಿ ಹಾಕುವ ಕಿಟ್ ಬೇಕು: ಅಮೋನಿಯಾ (ಮೀನಿನ ಹೊಲಸು, ಕೊಳೆತ ಊಟದಿಂದ ಹುಟ್ಟುವ ವಿಷ), ನೈಟ್ರೈಟ್, ನೈಟ್ರೇಟ್ (ಬ್ಯಾಕ್ಟೀರಿಯಾ ಅಮೋನಿಯಾ ಅರಗಿಸಿದಾಗ ಒಂದಾದ ಮೇಲೊಂದು ಬರುವವು), ಪಿಎಚ್ (ನೀರು ಆಮ್ಲವೋ ಕ್ಷಾರವೋ ಎಂಬ ಅಳತೆ). ಇದರ ಜೊತೆಗೆ ಕೆಎಚ್ (ಪಿಎಚ್ ಹಿಡಿದಿಡುವ ಕ್ಷಾರ) ಮತ್ತು ಜಿಎಚ್ (ನೀರಿನ ಗಡಸುತನ) ಹನಿಗಳನ್ನು ಬೇರೆಯಾಗಿ ಕೊಳ್ಳಬೇಕು. ಅದ್ದಿ ನೋಡುವ ಪಟ್ಟಿಗಳು ಅಗ್ಗ, ಆದರೆ ಡಬ್ಬಿ ತೆರೆದ ಮೇಲೆ ಮಳೆಗಾಲದ ತೇವಕ್ಕೆ ಬೇಗ ಕೆಡುತ್ತವೆ. ಬಹುಪಾಲು ಪಟ್ಟಿಗಳಲ್ಲಿ ಅಮೋನಿಯಾದ ಚೌಕವೇ ಇರುವುದಿಲ್ಲ, ಬೇಕಾದದ್ದೇ ಇಲ್ಲದ ಮೇಲೆ ಅಗ್ಗವಾಗಿ ಏನು ಬಂತು.

ಟಿಡಿಎಸ್ ಪೆನ್ನಿಗೆ ಸಿಗುವ ಮರ್ಯಾದೆ ಸ್ವಲ್ಪ ಜಾಸ್ತಿಯೇ. ಅದು ನೀರಿನಲ್ಲಿ ಕರಗಿದ ಒಟ್ಟು ಲವಣ ಹೇಳುತ್ತದೆ, ಅಷ್ಟೇ. ಅಮೋನಿಯಾ, ಕ್ಲೋರಿನ್, ಪಿಎಚ್ ಯಾವುದೂ ಅದಕ್ಕೆ ಕಾಣುವುದಿಲ್ಲ. "ಟಿಡಿಎಸ್ 150 ಇದೆ, ನೀರು ಚೆನ್ನಾಗಿದೆ" ಎಂಬ ಮಾತಿಗೆ ಅರ್ಥವಿಲ್ಲ. ಸಂಪಿಗೆ ಇವತ್ತು ಬಂದದ್ದು ಬೋರೋ ನಲ್ಲಿಯೋ ಎಂದು ಎರಡು ಸೆಕೆಂಡಿನಲ್ಲಿ ತಿಳಿಯಲು ಮಾತ್ರ ಒಳ್ಳೆಯ ಉಪಕರಣ.

ತೊಟ್ಟಿಯಲ್ಲಿ ನೀರು ಎಷ್ಟಿದೆ ಎಂದೂ ಗೊತ್ತಿರಬೇಕು. ಅಡಿಗಳಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 28.3ರಿಂದ ಗುಣಿಸಿದರೆ ಲೀಟರ್ ಬರುತ್ತದೆ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಗೆ ಸುಮಾರು 57 ಲೀಟರ್. ಜಲ್ಲಿ, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾದ ನೀರು 45 ಲೀಟರಿನ ಆಸುಪಾಸು. ಎಲ್ಲ ಅಳತೆಗೂ ಈ 45ನ್ನೇ ಹಿಡಿಯಿರಿ.

ಕಿಟ್ ಸುಳ್ಳು ಹೇಳುವ ಜಾಗಗಳು

ಲಕ್ಷಣಕ್ಕೆ ಹೋಗುವ ಮುಂಚೆ ಇದನ್ನು ಓದಿ. ತಪ್ಪು ಓದಿನಿಂದ ಸತ್ತ ಮೀನುಗಳೂ ಕಡಿಮೆಯಿಲ್ಲ.

ಎಪಿಐ ಕಂಪನಿಯ ಕಿಟ್ಟಿನಲ್ಲಿ ಎಲ್ಲದಕ್ಕೂ 5 ಮಿಲಿ ನೀರು. ಅಮೋನಿಯಾಕ್ಕೆ ಮೊದಲ ಬಾಟಲಿಯಿಂದ 8 ಹನಿ, ಎರಡನೆಯದರಿಂದ 8 ಹನಿ, ಕುಲುಕಿ 5 ನಿಮಿಷ ಬಿಡಿ. ಹಳದಿ ಇದ್ದರೆ ಸೊನ್ನೆ, ಹಸಿರಿಗೆ ತಿರುಗಿದಷ್ಟೂ ಅಮೋನಿಯಾ ಹೆಚ್ಚು. ನೈಟ್ರೈಟಿಗೆ 5 ಹನಿ, 5 ನಿಮಿಷ. ತಿಳಿನೀಲಿ ಅಂದರೆ ಸೊನ್ನೆ, ನೇರಳೆ ಅಂದರೆ ಅಪಾಯ. ಬಹಳ ಜನ ಎಡವುವುದು ನೈಟ್ರೇಟಿನಲ್ಲಿ. ಮೊದಲ ಬಾಟಲಿಯ 10 ಹನಿ ಹಾಕಿ ಕೊಳವೆ ಮಗುಚಿ ಬೆರೆಸಿ. ಎರಡನೆಯ ಬಾಟಲಿಯ ತಳದಲ್ಲಿ ಪುಡಿ ಕೂತು ಗಟ್ಟಿಯಾಗಿರುತ್ತದೆ. ಅದನ್ನು 30 ಸೆಕೆಂಡು ಜೋರಾಗಿ ಕುಲುಕಿಯೇ 10 ಹನಿ ಹಾಕಬೇಕು. ಆಮೇಲೆ ಕೊಳವೆಯನ್ನು ಪೂರ್ತಿ ಒಂದು ನಿಮಿಷ ಕುಲುಕಿ, 5 ನಿಮಿಷ ಕಾಯಿರಿ. ಕುಲುಕದಿದ್ದರೆ ನೈಟ್ರೇಟ್ 80 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಇದ್ದರೂ ಕಿಟ್ ಹಳದಿ ತೋರಿಸಿ ಕೂರುತ್ತದೆ.

ಬೋರು ನೀರಿನವರಿಗೆ ಪಿಎಚ್‌ನಲ್ಲಿ ಇನ್ನೊಂದು ಬಲೆ ಇದೆ. ಸಾಮಾನ್ಯ ಪಿಎಚ್ ಹನಿ 7.6ಕ್ಕೆ ನಿಂತುಬಿಡುತ್ತದೆ. ಗಾಢ ನೀಲಿ ಬಂದರೆ "7.6 ಇದೆ" ಎಂದಲ್ಲ, "7.6 ಅಥವಾ ಅದಕ್ಕಿಂತ ಮೇಲೆ" ಎಂದು ಓದಿ, ಹೈ ರೇಂಜ್ ಹನಿಯಿಂದ ಮತ್ತೆ ನೋಡಿ.

ಬಣ್ಣವನ್ನು ಹಗಲು ಬೆಳಕಿನಲ್ಲಿ, ಬಿಳಿ ಹಾಳೆ ಹಿಂದಿಟ್ಟು ಹೋಲಿಸಿ. ಹಳದಿ ಬಲ್ಬಿನ ಕೆಳಗೆ ಪ್ರತಿ ಅಮೋನಿಯಾವೂ ಸೊನ್ನೆಯೇ. ಕಿಟ್ಟಿನ ಮೇಲೇ ಅನುಮಾನ ಬಂದರೆ ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರು (ಆಸಿಡ್ ಅಲ್ಲ, ಡಿಸ್ಟಿಲ್ಡ್ ನೀರು) 5 ಮಿಲಿ ತೆಗೆದು ಅಮೋನಿಯಾ ನೋಡಿ. ಅದರಲ್ಲೂ ಹಸಿರು ಬಂದರೆ ಕೊಳವೆ ಕೊಳಕು, ಇಲ್ಲವೇ ಹನಿ ಕೆಟ್ಟಿದೆ. ಸೋಪು ಹಾಕಿ ತೊಳೆದು ಬಿಟ್ಟ ಕೊಳವೆಯನ್ನು ನಂಬಬೇಡಿ.

ಈ ಹನಿಗಳಲ್ಲಿ ಕೆಲವು ಆಮ್ಲ, ಕೆಲವು ಕ್ಷಾರ. ಕೊಳವೆಯ ಬಾಯಿಗೆ ಬೆರಳಿಟ್ಟು ಕುಲುಕಬೇಡಿ, ಮುಚ್ಚಳ ಹಾಕಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಪರೀಕ್ಷೆ ಮುಗಿದ ನೀರನ್ನು ತೊಟ್ಟಿಗೆ ವಾಪಸು ಸುರಿಯದೆ ಮೋರಿಗೆ ಚೆಲ್ಲಿ, ಮೇಲೆ ನೀರು ಬಿಡಿ.

ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದೆ

ಫೈಟರ್, ಗೌರಾಮಿ ಇದ್ದರೆ ಗಾಬರಿ ಬೇಡ, ಅವು ಮೇಲಿನ ಗಾಳಿಯನ್ನು ಗುಟುಕರಿಸುವ ಜಾತಿಗಳು. ಗೋಲ್ಡ್ ಫಿಶ್, ಗಪ್ಪಿ, ಏಂಜೆಲ್ ಒಟ್ಟಾಗಿ ಮೇಲೆ ನಿಂತಿದ್ದರೆ ಮಾತ್ರ ತೊಂದರೆ. ಮೊದಲ ಪ್ರಶ್ನೆ: ಯಾವ ಹೊತ್ತಿಗೆ?

*ಬೆಳಗ್ಗೆ ಮಾತ್ರ, ಹತ್ತು ಗಂಟೆಯ ಹೊತ್ತಿಗೆ ಸರಿಹೋಗುತ್ತದೆ.* ಆಮ್ಲಜನಕದ ಕೊರತೆ. ರಾತ್ರಿ ಗಿಡಗಳೂ ಪಾಚಿಯೂ ಆಮ್ಲಜನಕವನ್ನು ಉಣ್ಣುತ್ತವೆ. ರಾತ್ರಿ ಕರೆಂಟು ಹೋಗಿತ್ತೇ ಕೇಳಿಕೊಳ್ಳಿ. ಈ ಮೂರೂ ಊರು ಸಮುದ್ರಮಟ್ಟದಿಂದ 800 ಮೀಟರಿಗಿಂತ ಮೇಲಿವೆ. 28 ಡಿಗ್ರಿ ನೀರು ಕರಾವಳಿಯಲ್ಲಿ ಲೀಟರಿಗೆ ಸುಮಾರು 7.8 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ ಇಲ್ಲಿ ಹಿಡಿಯುವುದು 7ರ ಹತ್ತಿರ. ಮಂಗಳೂರಿನಲ್ಲಿ ಅಷ್ಟೇ ದೊಡ್ಡ ತೊಟ್ಟಿಯಲ್ಲಿ ಬದುಕಿದಷ್ಟು ಮೀನು ಇಲ್ಲಿ ಬದುಕಲೇಬೇಕೆಂದಿಲ್ಲ. ಪರೀಕ್ಷೆ ಪುಕ್ಕಟೆ: ಏರ್ ಸ್ಟೋನ್ ಜೋರು ಮಾಡಿ, ಅರ್ಧ ಗಂಟೆ ಕಾಯಿರಿ. ಮೀನು ಕೆಳಗಿಳಿದರೆ ಉತ್ತರ ಸಿಕ್ಕಿತು. ಏರ್ ಪಂಪ್ ನುಂಗುವುದು 3ರಿಂದ 5 ವ್ಯಾಟ್; ಅದೊಂದನ್ನು ಮನೆಯ ಇನ್ವರ್ಟರ್ ಲೈನಿಗೆ ಕೊಟ್ಟುಬಿಡಿ.

*ನೀರು ಬದಲಿಸಿದ ಅರ್ಧ ಗಂಟೆಯೊಳಗೆ.* ಎರಡು ಆರೋಪಿಗಳು. ನಲ್ಲಿ ನೀರಾದರೆ ಕ್ಲೋರಿನ್, ಬೋರು ನೀರಾದರೆ ಕರಗಿದ ಇಂಗಾಲದ ಡೈ ಆಕ್ಸೈಡ್. ಆಳದ ಬೋರಿನಿಂದ ನೇರ ಬಂದ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆ, ಇಂಗಾಲದ ಡೈ ಆಕ್ಸೈಡ್ ತೀರ ಹೆಚ್ಚು. ಅಮೋನಿಯಾ, ನೈಟ್ರೈಟ್ ಎಲ್ಲ ಸೊನ್ನೆ ಬರುತ್ತದೆ, ಮೀನು ಮಾತ್ರ ಏದುಸಿರು ಬಿಡುತ್ತದೆ. ಮೂರು ಲೋಟದ ಉಪಯೋಗ ಇಲ್ಲೇ. ಹಿಡಿದ ಕೂಡಲೇ ಪಿಎಚ್ 7.2, ಮಾರನೆಯ ದಿನ 8.2 ಬಂದರೆ ನಡುವೆ ಹಾರಿಹೋದದ್ದು ಆ ಅನಿಲ. ಹಾಗಾಗಿ ಬೋರು ನೀರನ್ನು 24 ಗಂಟೆ ಗಾಳಿಯಾಡಿಸದೆ ಹಾಕಲೇಬಾರದು. ಹೊಸ ನೀರು ಬಿದ್ದ ಮೇಲೆ ರೆಕ್ಕೆ, ಗಾಜು, ಎಲೆ ಮೇಲೆಲ್ಲ ಸಣ್ಣ ಗುಳ್ಳೆ ಕೂತಿದ್ದರೂ ಇದೇ ಕಾರಣ. ಒತ್ತಡದಲ್ಲಿ ಕರಗಿದ್ದ ಗಾಳಿ ಮೀನಿನ ಮೈಯೊಳಗೇ ಗುಳ್ಳೆಯಾಗಿ ಏಳಬಲ್ಲದು.

ಕ್ಲೋರಿನ್‌ಗೆ ಓಟಿಒ ಎಂಬ ಪರೀಕ್ಷೆಯ ಹನಿ ಇದೆ; ಕ್ಲೋರಿನ್ ಇದ್ದರೆ ಅದಕ್ಕೆ ನೀರು ಹಳದಿಯಾಗುತ್ತದೆ. ಆ ಹನಿ ಮೈಗೆ ಸೋಕದಂತೆ ನೋಡಿಕೊಳ್ಳಿ, ಅದು ವಿಷಕಾರಿ. ಪರಿಹಾರ ಅಗ್ಗ. ಹೈಪೋ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟ್, 10 ಗ್ರಾಂ ತೂಗಿ ಬ್ಯಾಟರಿ ನೀರಿನಲ್ಲಿ ಕರಗಿಸಿ 100 ಮಿಲಿ ಮಾಡಿಟ್ಟುಕೊಳ್ಳಿ. 10 ಲೀಟರ್ ನಲ್ಲಿ ನೀರಿಗೆ 1 ಮಿಲಿ ಹಾಕಿ ಕಲಕಿದರೆ ಕ್ಲೋರಿನ್ ನಿಮಿಷಗಳಲ್ಲಿ ಹೋಗುತ್ತದೆ. ಆತುರವಿಲ್ಲದಿದ್ದರೆ ಬಕೆಟ್ಟಿನಲ್ಲಿ ಒಂದು ದಿನ ಗಾಳಿಯಾಡಿಸಿದರೂ ಸಾಕು. ಸಂಪು ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ವಾರ ಮಾತ್ರ ಈ ಲೆಕ್ಕ ನಂಬಬೇಡಿ. ಕೈ ಅಂದಾಜಿನಲ್ಲಿ ಹಾಕಿದ ಪೌಡರಿಗೆ ಮಿತಿ ಇರುವುದಿಲ್ಲ. ಹನಿ ಹಾಕಿ ಹಳದಿ ಬಾರದವರೆಗೆ ಆ ನೀರು ಬೇಡ.

*ದಿನವಿಡೀ.* ಅಮೋನಿಯಾ ಅಥವಾ ನೈಟ್ರೈಟ್. ಕಿಟ್ ತೆಗೆಯಿರಿ.

ಅಮೋನಿಯಾ ಬಂದಿದೆ, ಎಷ್ಟು ಹೆದರಬೇಕು?

ಇದಕ್ಕೆ ಒಂದೇ ಉತ್ತರವಿಲ್ಲ. ಕಿಟ್ ಹೇಳುವುದು ಒಟ್ಟು ಅಮೋನಿಯಾ. ಅದರಲ್ಲಿ ಮೀನನ್ನು ಕೊಲ್ಲುವ ಪಾಲು ಎಷ್ಟೆಂದು ತೀರ್ಮಾನಿಸುವುದು ಪಿಎಚ್. 28 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದ ನೂರಕ್ಕೆ 0.7 ಭಾಗ ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಅದು 6.5, ಪಿಎಚ್ 8.4ಕ್ಕೆ 15. ಅಂದರೆ ಪಿಎಚ್ ಕಡಿಮೆ ಇರುವ ಕ್ಯಾನ್ ನೀರಿನ (ಶುದ್ಧ ನೀರಿನ ಘಟಕದಿಂದ ತಂದದ್ದು) ತೊಟ್ಟಿಯಲ್ಲಿ 1 ಪಿಪಿಎಂ ಬಂದಾಗ ಮೀನು ಮಂಕಾಗಬಹುದು, ಪಿಎಚ್ ಹೆಚ್ಚಿರುವ ಗಡಸು ಬೋರು ನೀರಿನ ತೊಟ್ಟಿಯಲ್ಲಿ ಅದೇ 1 ಪಿಪಿಎಂ ರಾತ್ರೋರಾತ್ರಿ ತೊಟ್ಟಿ ಖಾಲಿ ಮಾಡಬಲ್ಲದು. ಗಡಸು ನೀರಿನವರು 0.5 ಬಂದರೆ ಅದೇ ದಿನ ಕೈಹಾಕಿ.

ಮೊದಲು ಊಟ ನಿಲ್ಲಿಸಿ. ದೊಡ್ಡ ಮೀನು ಎರಡು ಮೂರು ದಿನ ಹಸಿದರೆ ಏನೂ ಆಗದು. ಒಂದು ದಿನ ಇಟ್ಟು ಪಿಎಚ್ ಹೋಲಿಸಿದ ನೀರಿನಿಂದ ಮೂರನೇ ಒಂದು ಭಾಗ ಬದಲಿಸಿ. 45 ಲೀಟರ್ ತೊಟ್ಟಿಗೆ 15 ಲೀಟರ್, ಒಂದು ಕೊಡದಷ್ಟು. ಮಾರನೆಯ ದಿನ ಮತ್ತೆ ಅಳೆಯಿರಿ. ನೀರಿನ ಉಷ್ಣತೆಯ ವ್ಯತ್ಯಾಸ 2 ಡಿಗ್ರಿ ಮೀರಬಾರದು. ಏಪ್ರಿಲ್ ಮಧ್ಯಾಹ್ನ ತಾರಸಿಯ ಸಿಂಟೆಕ್ಸಿನಿಂದ ನೇರ ಹಿಡಿದ ನೀರು ಮೀನಿಗೆ ಸಾರು.

ಆಮೇಲೆ ಕಾರಣ ಹುಡುಕಿ. ತೊಟ್ಟಿಗೆ ಇನ್ನೂ ಒಂದೂವರೆ ತಿಂಗಳಾಗಿಲ್ಲ ಎಂದರೆ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ಇನ್ನೂ ನೆಲೆಯೂರಿಲ್ಲ. ಹಳೆಯ ತೊಟ್ಟಿಯಾದರೆ ಸ್ಪಂಜನ್ನು ನಲ್ಲಿ ಕೆಳಗೆ ಹಿಂಡಿ ತೊಳೆದಿರಾ? ಕ್ಲೋರಿನ್ ನೀರಿಗೆ ಆ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಎರಡು ಸಲ ಹಿಂಡಿದರೆ ಸಾಕು, ಸ್ಪಂಜು ಕಂದಾಗಿಯೇ ಇರಲಿ. ಕಲ್ಲಿನ ಹಿಂದೆ ಸತ್ತ ಮೀನು, ಪೈಪಿನಲ್ಲಿ ಸಿಕ್ಕಿದ ಬಸವನಹುಳು, ಮಕ್ಕಳು ಸುರಿದ ಊಟ ಇವನ್ನೂ ನೋಡಿ. ಮುಚ್ಚಿದ ಡಬ್ಬಿಯ ಫಿಲ್ಟರ್ ನಾಲ್ಕೈದು ಗಂಟೆ ಕರೆಂಟಿಲ್ಲದೆ ನಿಂತಿದ್ದರೆ ಅದರೊಳಗಿನ ನೀರು ಕೊಳೆತಿರುತ್ತದೆ. ಕರೆಂಟು ಬಂದ ಕೂಡಲೇ ಓಡಲು ಬಿಡದೆ, ಆ ನೀರು ಚೆಲ್ಲಿ ಆಮೇಲೆ ಹಾಕಿ.

ನೈಟ್ರೈಟ್ ಬಂದರೆ ಕಿವಿರಿನ ಬಣ್ಣ ನೋಡಿ. ಕೆಂಪು ಹೋಗಿ ಕಂದಾಗಿದ್ದರೆ ರಕ್ತ ಆಮ್ಲಜನಕ ಹೊರುತ್ತಿಲ್ಲ. ನೀರು ಬದಲಿಸುವುದರ ಜೊತೆಗೆ 100 ಲೀಟರಿಗೆ 30 ಗ್ರಾಂ ಕಲ್ಲುಪ್ಪು ಕರಗಿಸಿ ನಿಧಾನವಾಗಿ ಸೇರಿಸಿ. ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನಲ್ಲಿ ತಡೆಯುತ್ತದೆ. 45 ಲೀಟರಿಗೆ 13 ಗ್ರಾಂ. ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ಬತ್ತಿದ ನೀರು ತುಂಬಿಸುವಾಗ ಮತ್ತೆ ಉಪ್ಪು ಹಾಕಬೇಡಿ.

ಎರಡು ಮೂರು ತಿಂಗಳು ಚೆನ್ನಾಗಿದ್ದ ತೊಟ್ಟಿ, ನೀರು ಬದಲಿಸಿದ ದಿನವೇ ಎಲ್ಲ ಸತ್ತವು

ಕ್ಯಾನ್ ನೀರು ಹಾಕುವ ಮನೆಗಳ ಕಥೆ ಇದು. ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ 20 ಲೀಟರ್ ಹಿಡಿದು ತಂದು, "ನಾವು ಕುಡಿಯುವ ನೀರೇ ಮೀನಿಗೂ" ಎಂದು ಪ್ರೀತಿಯಿಂದ ತುಂಬಿಸಿರುತ್ತಾರೆ. ಆರ್‌ಒ ನೀರಿನಲ್ಲಿ ಕೆಎಚ್, ಅಂದರೆ ಪಿಎಚ್ ಅಲುಗದಂತೆ ಹಿಡಿದಿಡುವ ಕ್ಷಾರ, ಬಹುತೇಕ ಇರುವುದಿಲ್ಲ. ಬ್ಯಾಕ್ಟೀರಿಯಾಗಳು ಅಮೋನಿಯಾ ಅರಗಿಸಿದಷ್ಟೂ ಆ ಕ್ಷಾರ ಕರಗುತ್ತದೆ. ಅದು ತೀರಿದ ದಿನ ಪಿಎಚ್ 6ಕ್ಕೆ, ಕೆಲವೊಮ್ಮೆ ಇನ್ನೂ ಕೆಳಕ್ಕೆ ಜಾರುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ, ಅಮೋನಿಯಾ ಕೂಡುತ್ತಾ ಹೋಗುತ್ತದೆ. ಪಿಎಚ್ ಕಡಿಮೆ ಇರುವುದರಿಂದ ಅದು ವಿಷವಾಗದೆ ಸುಮ್ಮನೆ ಕೂತಿರುತ್ತದೆ, ಮೀನು ಮೇಲ್ನೋಟಕ್ಕೆ ಆರಾಮ. ಒಂದು ಭಾನುವಾರ ಕ್ಯಾನ್ ಸಿಗದೆ ಬೋರು ನೀರು ಸುರಿದಿರಿ. ಪಿಎಚ್ 8ಕ್ಕೆ ಹಾರಿತು, ಕೂತಿದ್ದ ಅಮೋನಿಯಾ ಎದ್ದು ನಿಂತಿತು. ತಪ್ಪು ಬೋರಿನದು ಅನಿಸುತ್ತದೆ, ನಿಜಕ್ಕೂ ತಪ್ಪು ಮೂರು ತಿಂಗಳ ಹಿಂದಿನದು.

ಇದನ್ನು ಮುಂಚೆಯೇ ಹಿಡಿಯುವುದು ಕೆಎಚ್ ಹನಿ. 5 ಮಿಲಿ ನೀರಿಗೆ ಒಂದೊಂದೇ ಹನಿ ಹಾಕಿ ಕುಲುಕಿ; ನೀಲಿ ಬಣ್ಣ ಹಳದಿಗೆ ತಿರುಗಿದ ಹನಿಯ ಸಂಖ್ಯೆಯೇ ಕೆಎಚ್. ಒಂದು ಹನಿ ಎಂದರೆ 17.9 ಪಿಪಿಎಂ. ಮೊದಲ ಹನಿಗೇ ಹಳದಿ ಬಂದರೆ ತೊಟ್ಟಿ ಅಂಚಿನಲ್ಲಿ ನಿಂತಿದೆ. 4ರಿಂದ 8 ಇದ್ದರೆ ಬಹುಪಾಲು ಮೀನಿಗೆ ನೆಮ್ಮದಿ. ಬೋರು ನೀರಿಗೆ 16, 20 ಹನಿ ಬೀಳುವುದೂ ಉಂಟು. ಹನಿ ಉಳಿಸಲು 2.5 ಮಿಲಿ ನೀರಿಗೆ 2.5 ಮಿಲಿ ಬ್ಯಾಟರಿ ನೀರು ಬೆರೆಸಿ ಅಳೆದು, ಬಂದದ್ದನ್ನು ಎರಡರಿಂದ ಗುಣಿಸಿ.

ಪರಿಹಾರ ಎರಡನ್ನೂ ಬೆರೆಸುವುದು. ಬೋರಿನ ಕೆಎಚ್ 16, ಕ್ಯಾನಿನದು ಸೊನ್ನೆ ಎನ್ನಿ. ಒಂದು ಪಾಲು ಬೋರು, ಮೂರು ಪಾಲು ಕ್ಯಾನ್ ಬೆರೆಸಿದರೆ 4. ಒಂದಕ್ಕೆ ಒಂದು ಬೆರೆಸಿದರೆ 8. ಈಗಾಗಲೇ ಪಿಎಚ್ ಕುಸಿದ ತೊಟ್ಟಿಗೆ ಮಾತ್ರ ಒಂದೇ ಏಟಿಗೆ ಕೈಹಾಕಬೇಡಿ. ಮೊದಲು ಅದೇ ಕ್ಯಾನ್ ನೀರಿನಿಂದ ಕಾಲು ಭಾಗದಂತೆ ದಿನಾ ಬದಲಿಸಿ ಅಮೋನಿಯಾ ಇಳಿಸಿ. ಅದು 0.25ಕ್ಕೆ ಬಂದ ಮೇಲೆ ಬೆರಕೆ ನೀರು, ದಿನಕ್ಕೆ ಹತ್ತರಲ್ಲೊಂದು ಭಾಗ.

ನೀರು ಬೆಳ್ಳಗಾಗಿದೆ

ಒಂದು ಗಾಜಿನ ಲೋಟದಲ್ಲಿ ಹಿಡಿದು ಮೇಜಿನ ಮೇಲಿಡಿ. ಕೆಳಗಿನಿಂದ ಮೇಲಕ್ಕೆ ತಿಳಿಯಾದರೆ ಅದು ಗಾಳಿಗುಳ್ಳೆ, ನಿಮಿಷಗಳ ಮಾತು. ಗಂಟೆಗಳಲ್ಲಿ ಮೇಲಿನಿಂದ ಕೆಳಕ್ಕೆ ತಿಳಿಯಾಗಿ ತಳದಲ್ಲಿ ಬಿಳಿಪುಡಿ ಕೂತರೆ ಸುಣ್ಣ. ಇಂಗಾಲದ ಡೈ ಆಕ್ಸೈಡ್ ಹಾರಿಹೋದ ಗಡಸು ಬೋರು ನೀರು ಸುಣ್ಣ ಉದುರಿಸುತ್ತದೆ. ಮೀನಿಗೆ ಅಪಾಯವಿಲ್ಲ. ಮಾರನೆಯ ದಿನವೂ ಹಾಲಿನಂತೆಯೇ ಇದ್ದರೆ ಬ್ಯಾಕ್ಟೀರಿಯಾ ಹೆಚ್ಚಿದೆ: ಹೊಸ ತೊಟ್ಟಿ, ಇಲ್ಲವೇ ಊಟ ಜಾಸ್ತಿ. ಅಮೋನಿಯಾ ಅಳೆದು, ಊಟ ಕಡಿಮೆ ಮಾಡಿ, ಗಾಳಿ ಹೆಚ್ಚಿಸಿ. ಪೂರ್ತಿ ನೀರು ಚೆಲ್ಲಿ ತೊಟ್ಟಿ ಉಜ್ಜಿದರೆ ಅದೇ ಬಿಳುಪು ಮೂರನೆಯ ದಿನ ಮತ್ತೆ ಬರುತ್ತದೆ.

ಹಸಿರಾಗಿದ್ದರೆ ಕಿಟಕಿಯ ಬಿಸಿಲು. ಟೀ ಬಣ್ಣವಾಗಿದ್ದರೆ ಮರದ ತುಂಡು, ಅದರಿಂದ ತೊಂದರೆಯಿಲ್ಲ. ಹಿಡಿದಾಗ ತಿಳಿಯಾಗಿದ್ದ ಬೋರು ನೀರು ಬಕೆಟ್ಟಿನಲ್ಲಿ ಕೆಂಪಾಗಿ ತಳದಲ್ಲಿ ತುಕ್ಕಿನ ಗಸಿ ಬಿಟ್ಟರೆ ಕಬ್ಬಿಣ. ಅದು ತೊಟ್ಟಿಯಲ್ಲಿ ಆದರೆ ಆ ಗಸಿ ಕಿವಿರಿನ ಮೇಲೆ ಕೂರುತ್ತದೆ. ಬಕೆಟ್ಟಿನಲ್ಲೇ ಗಾಳಿಯಾಡಿಸಿ, ಗಸಿ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ.

ಗಾಜಿನ ಅಂಚಿಗೆ ಬಿಳಿ ಪದರ, ಮೀನು ಬಣ್ಣಗೆಟ್ಟಿದೆ, ಮರಿ ಬೆಳೆಯುತ್ತಿಲ್ಲ

ಬೇಳೆ ಬೇಯದ, ಸೋಪು ನೊರೆ ಬಾರದ ನೀರು ಎಂದು ಮನೆಯ ಹಿರಿಯರು ಮೊದಲೇ ಹೇಳಿರುತ್ತಾರೆ. ಜಿಎಚ್ ಹನಿ ಹಾಕಿ, ಕಿತ್ತಳೆ ಬಣ್ಣ ಹಸಿರಾಗುವವರೆಗೆ ಎಣಿಸಿ. 20ರ ಮೇಲೆ ಬಂದರೂ ಗಪ್ಪಿ, ಮೋಲಿ, ಪ್ಲಾಟಿ, ಮಲಾವಿ ಸರೋವರದ ಸಿಕ್ಲಿಡ್‌ಗಳು ಹಾಯಾಗಿರುತ್ತವೆ. ನಿಯಾನ್ ಟೆಟ್ರಾ, ಡಿಸ್ಕಸ್ ಒದ್ದಾಡುತ್ತವೆ. ಅಂಥ ನೀರಿಗೆ ಪಿಎಚ್ ಇಳಿಸುವ ದ್ರವ ಸುರಿಯುವುದು ದಂಡ. ಕೆಎಚ್ ಅದನ್ನು ನುಂಗಿ ಎರಡು ದಿನದಲ್ಲಿ ಹಳೆಯ ಪಿಎಚ್‌ಗೇ ಮರಳುತ್ತದೆ, ನಡುವೆ ಅಲ್ಲಾಡಿದ್ದಕ್ಕೆ ಮೀನು ಬೆಲೆ ತೆರುತ್ತದೆ. ನೀರಿಗೆ ತಕ್ಕ ಮೀನು ಸಾಕುವುದೇ ಅಗ್ಗದ ದಾರಿ.

ನೈಟ್ರೇಟ್ ಕೂಡ ನೋಡಿ. ತೊಟ್ಟಿಯಲ್ಲಿ 40 ದಾಟಬಾರದು, ಮರಿಗಳಿದ್ದರೆ 20. ವಾರವಾರ ನೀರು ಬದಲಿಸಿದರೂ ಇಳಿಯುತ್ತಿಲ್ಲವೇ? ನಲ್ಲಿ ಲೋಟ ಅಳೆಯಿರಿ. ಗೊಬ್ಬರ, ಕೊಟ್ಟಿಗೆ, ಶೌಚಗುಂಡಿಗಳಿಂದ ಬೋರಿಗೇ ನೈಟ್ರೇಟ್ ಇಳಿದಿರುವ ಜಾಗಗಳು ಈ ಜಿಲ್ಲೆಗಳಲ್ಲಿವೆ. ಬೋರಿನಲ್ಲೇ 45 ದಾಟಿದ್ದರೆ ಮೀನಿನ ಚಿಂತೆ ಆಮೇಲೆ. ಅದು ಕುಡಿಯುವ ನೀರಿಗೆ ಇಟ್ಟ ಮಿತಿ, ಎಳೆಗೂಸಿಗೆ ಆ ನೀರು ಕೊಡಬಾರದು. ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ.

ಫ್ಲೋರೈಡ್ ಬಗ್ಗೆಯೂ ಜನ ಕೇಳುತ್ತಾರೆ. ಅಕ್ವೇರಿಯಂ ಕಿಟ್ ಅದನ್ನು ಅಳೆಯುವುದಿಲ್ಲ. ಗಡಸು ನೀರಿನಲ್ಲಿ ಅದು ಮೀನಿಗೆ ಮಾಡುವ ಹಾನಿ ಕಡಿಮೆಯೇ, ಮನೆಯವರ ಹಲ್ಲು ಮೂಳೆಗೇ ಹೆಚ್ಚು.

ಕೊಳೆತ ಮೊಟ್ಟೆಯ ವಾಸನೆ

ಜಲ್ಲಿಯೊಳಗೆ ಕಪ್ಪು ತೇಪೆ ಕಾಣುತ್ತದೆಯೇ ನೋಡಿ. ಗಾಳಿಯಾಡದೆ ಕೊಳೆತು ಹೈಡ್ರೋಜನ್ ಸಲ್ಫೈಡ್ ಕಟ್ಟಿದೆ. ಎಲ್ಲವನ್ನೂ ಒಮ್ಮೆಲೇ ಕೆದಕಬೇಡಿ. ವಾರಕ್ಕೆ ಮೂರನೇ ಒಂದು ಭಾಗದಂತೆ ಸೈಫನ್ ಪೈಪಿನಿಂದ ಎಳೆದು ತೆಗೆಯಿರಿ. ಪೈಪನ್ನು ಬಾಯಿಂದ ಎಳೆಯಬೇಡಿ.

ಎಲ್ಲ ಪರೀಕ್ಷೆಯೂ ಸರಿ, ಆದರೂ ಸಾಯುತ್ತಿವೆ

ಕಿಟ್ಟಿಗೆ ಕಾಣದ ವಿಷಗಳಿವೆ. ಸೊಳ್ಳೆಯ ದ್ರವ, ಕಾಯಿಲ್, ಜಿರಳೆ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಮೀನಿಗೆ ಅತ್ಯಲ್ಪ ಪ್ರಮಾಣದಲ್ಲೂ ಮಾರಕ. ಏರ್ ಪಂಪ್ ಆ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಮೀನು ತಿರುಗುಣಿಯಂತೆ ಸುತ್ತುತ್ತಾ, ಗಾಜಿಗೆ ಡಿಕ್ಕಿ ಹೊಡೆಯುತ್ತಾ ಸತ್ತರೆ ಇದನ್ನೇ ಅನುಮಾನಿಸಿ. ಬಕೆಟ್ಟನ್ನೂ ಕೇಳಿ: ಟೊಮೇಟೊ, ದ್ರಾಕ್ಷಿಗೆ ಔಷಧಿ ಕಲಸಿದ್ದೇ? ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಹುಳುಮನೆ ತೊಳೆಯುವ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಬಳಸಿದ ಬಕೆಟ್ಟು ಎಷ್ಟು ತೊಳೆದರೂ ಬೇಡ. ತೊಟ್ಟಿಗೆಂದೇ ಒಂದು ಬಕೆಟ್ ಬೇರೆ ಬಣ್ಣದ್ದು ಇಟ್ಟುಬಿಡಿ.

ಜೀವಂತ ಊಟಕ್ಕೆ, ಗಿಡಕ್ಕೆ ಕೆರೆಗೆ ಹೋಗುವವರು ಗಮನಿಸಿ. ಕೋಲಾರ, ಚಿಕ್ಕಬಳ್ಳಾಪುರದ ಹಲವು ಕೆರೆಗಳಿಗೆ ಈಗ ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ತುಂಬುತ್ತದೆ. ಆ ನೀರನ್ನು ತೊಟ್ಟಿಗೆ ತರಬೇಡಿ.

ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ, ಹತ್ತಿಯಂಥ ಬೂಷ್ಟು, ತೆರೆದ ಹುಣ್ಣು ಕಂಡರೆ ಅದು ರೋಗ. ಆಗ ಔಷಧಿಗೆ ಅರ್ಥವಿದೆ, ಆದರೂ ಅಮೋನಿಯಾ ಸೊನ್ನೆ ಎಂದು ನೋಡಿಕೊಂಡ ಮೇಲೆಯೇ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ನೀರಿಗೆ ಕೈ ಹಾಕಿದಾಗ ಜುಮ್ಮೆಂದರೆ ಅಲ್ಲೇ ನಿಲ್ಲಿಸಿ. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟದೆ ಮೇನ್ ಸ್ವಿಚ್ಚಿನಲ್ಲೇ ಕರೆಂಟು ತೆಗೆಯಿರಿ. ಬಿರುಕು ಬಿಟ್ಟ ಹೀಟರ್, ಸುಲಿದ ಪಂಪ್ ವೈರ್ ಸಾಮಾನ್ಯ ಕಾರಣ. ಅವಕ್ಕೆ ಟೇಪು ಸುತ್ತಬೇಡಿ, ಬದಲಿಸಿ. ಹೀಟರ್ ಹೊರತೆಗೆಯುವ 15 ನಿಮಿಷ ಮುಂಚೆ ಪ್ಲಗ್ ಕೀಳಬೇಕು, ಇಲ್ಲದಿದ್ದರೆ ಬಿಸಿ ಗಾಜು ಸಿಡಿಯುತ್ತದೆ. ವೈರು ಪ್ಲಗ್‌ಗಿಂತ ಕೆಳಗೆ ಒಂದು ಬಾಗು ಇಳಿದು ಮೇಲೇರುವಂತೆ ಬಿಟ್ಟರೆ ಜಾರುವ ನೀರು ಪ್ಲಗ್ ಸೇರದೆ ನೆಲಕ್ಕೆ ತೊಟ್ಟಿಕ್ಕುತ್ತದೆ. 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದ ಮನೆಯಲ್ಲಿ ಎಲೆಕ್ಟ್ರಿಷಿಯನ್ನಿಗೆ ಹೇಳಿ ಹಾಕಿಸಿ.

ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿ. ತೊಟ್ಟಿ ಕೆಲಸ ಮಾಡಿದ ಕೈಮೇಲೆ ವಾರಗಟ್ಟಲೆ ಮಾಯದ ಗಂಟು ಎದ್ದರೆ ಚರ್ಮದ ವೈದ್ಯರಿಗೆ ತೋರಿಸಿ, ಮನೆಯಲ್ಲಿ ಮೀನಿನ ತೊಟ್ಟಿ ಇದೆ ಎಂದು ಬಾಯಿಬಿಟ್ಟು ಹೇಳಿ. ಅದನ್ನು ಹೇಳದಿದ್ದರೆ ಆ ಸೋಂಕು ಯಾರಿಗೂ ಹೊಳೆಯುವುದಿಲ್ಲ.

ಮೂರು ದಿನ ನೀರು ಬದಲಿಸಿದರೂ ಅಮೋನಿಯಾ ಇಳಿಯದೆ ದಿನಾ ಮೀನು ಸಾಯುತ್ತಿದ್ದರೆ ಉಳಿದವನ್ನು ನೆಲೆಯೂರಿದ ಬೇರೆ ತೊಟ್ಟಿಗೆ ಸಾಗಿಸಿ. ರೋಗದ ಅನುಮಾನಕ್ಕೆ ಜಿಲ್ಲೆಯ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರೀಯ ಸಿಹಿನೀರು ಮೀನುಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಬೋರಿನ ಫ್ಲೋರೈಡ್, ನೈಟ್ರೇಟ್, ಗಡಸುತನ ತಿಳಿಯಲು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಿ. ಮೋಟಾರು 10 ನಿಮಿಷ ಓಡಿಸಿ ಪೈಪಿನ ಹಳೆ ನೀರು ಹೋದ ಮೇಲೆ, 1 ಲೀಟರಿನ ಹೊಸ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ, ಗಾಳಿ ಉಳಿಯದಂತೆ ಕಂಠಪೂರ್ತಿ ತುಂಬಿ ಮುಚ್ಚಿ. ಜಾಗ, ಬೋರಿನ ಆಳ, ಹಿಡಿದ ದಿನ ಮತ್ತು ಗಂಟೆ ಬರೆದು ಅಂಟಿಸಿ ಅದೇ ದಿನ ತಲುಪಿಸಿ. ತೊಟ್ಟಿಯ ನೀರನ್ನೂ ಒಯ್ಯುವುದಾದರೆ ಬೇರೆ ಬಾಟಲಿಯಲ್ಲಿ ಹಿಡಿದು, ಮೇಲೆ "ಕುಡಿಯುವ ನೀರಲ್ಲ" ಎಂದು ದಪ್ಪಕ್ಷರದಲ್ಲಿ ಬರೆಯಿರಿ.